ಕಾರ್ಖಾನೆಗೆ ಬೆಳಕು ತಂದ ಆಲ್ಬರ್ಟ್ ಕಾನ್

ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ಒಬ್ಬ ಮಹನೀಯರ ಜೀವನಚಿತ್ರವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ನಾನು ಕವಿಯನ್ನಾಗಲಿ ರಾಜಪುರುಷನನ್ನಾಗಲಿ ಆರಿಸಿಕೊಳ್ಳಲಿಲ್ಲ. ನಮ್ಮ ಶಾಲೆಯಲ್ಲಿ ಕನ್ನಡದಲ್ಲಿ ಓದಿದ ಎಷ್ಟೋ ಮಂದಿ ಹೊಸೂರಿನ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದಾರೆ. ದುಡಿಯುವವನಿಗೂ ಗಾಳಿ ಬೆಳಕು ಬೇಕೆಂಬುದನ್ನು ಕಟ್ಟಿ ತೋರಿಸಿದ ಒಬ್ಬ ವಾಸ್ತುಶಿಲ್ಪಿಯ ಚರಿತ್ರೆ ಅವರಿಗೆ ಪ್ರಿಯವಾಗಬಹುದೆಂದು ನನ್ನ ಭಾವನೆ.

ಆಲ್ಬರ್ಟ್ ಕಾನ್ ಅವರು 1869ರ ಮಾರ್ಚ್ 21ರಂದು ಜರ್ಮನಿಯ ರೌನೆನ್ ಎಂಬ ಊರಿನಲ್ಲಿ, ಯಹೂದಿ ಧರ್ಮಗುರುವೊಬ್ಬರ ಹಿರಿಯ ಮಗನಾಗಿ ಜನಿಸಿದರು. ಬಾಲ್ಯ ಕಳೆದದ್ದು ಲಕ್ಸೆಂಬರ್ಗಿನಲ್ಲಿ. 1881ರ ಸುಮಾರಿಗೆ ಕುಟುಂಬವು ಅಮೆರಿಕೆಯ ಡೆಟ್ರಾಯಿಟ್ ನಗರಕ್ಕೆ ವಲಸೆ ಹೋಯಿತು. ಬಡತನದಿಂದಾಗಿ ಶಾಲೆಯ ಓದು ಅಲ್ಲಿಗೇ ನಿಂತಿತು. ವಾಸ್ತುಶಿಲ್ಪಿಯೊಬ್ಬರ ಕಚೇರಿಯಲ್ಲಿ ಸಂಬಳವಿಲ್ಲದೆ ಸಣ್ಣಪುಟ್ಟ ಕೆಲಸ ಮಾಡಿದ ಹುಡುಗ ಅದನ್ನೂ ಕಳೆದುಕೊಂಡ. ಆಗ ಕೈಹಿಡಿದವರು ಜೂಲಿಯಸ್ ಮೆಲ್ಚರ್ಸ್ ಎಂಬ ಶಿಲ್ಪಿ. ಅವರು ಆತನಿಗೆ ಚಿತ್ರಕಲೆಯನ್ನು ಕಲಿಸಿದರು. ಬಣ್ಣಗಳನ್ನು ಸರಿಯಾಗಿ ಗುರುತಿಸಲಾರದ ದೃಷ್ಟಿದೋಷವನ್ನು ಕಂಡು ವಾಸ್ತುಶಿಲ್ಪದ ಕಡೆಗೆ ತಿರುಗಿಸಿದರು. ಮುಂದೆ ಮೇಸನ್ ಮತ್ತು ರೈಸ್ ಕಚೇರಿಯಲ್ಲಿ ದುಡಿಯುತ್ತಲೇ ಕಲಿತು, ವಿದ್ಯಾರ್ಥಿವೇತನ ಪಡೆದು ಯುರೋಪನ್ನು ಸುತ್ತಿ ಬಂದರು.

ಅಂದಿನ ಕಾರ್ಖಾನೆಗಳೆಂದರೆ ದಪ್ಪ ಇಟ್ಟಿಗೆ ಗೋಡೆ, ಚಿಕ್ಕ ಕಿಟಕಿ, ಯಂತ್ರದ ಎಣ್ಣೆಯನ್ನು ಹೀರಿದ ಮರದ ನೆಲ. ಒಂದು ಕಿಡಿ ಬಿದ್ದರೆ ಸಾಕು, ಎಲ್ಲವೂ ಭಸ್ಮ. ಪ್ಯಾಕರ್ಡ್ ಮೋಟಾರು ಕಂಪನಿಗೆ ಕಾನ್ ಅವರು ಕಟ್ಟಿದ ಮೊದಲ ಒಂಬತ್ತು ಕಟ್ಟಡಗಳೂ ಹಳೆಯ ರೀತಿಯವೇ. 1905ರಲ್ಲಿ ಹತ್ತನೆಯದನ್ನು ಕಬ್ಬಿಣ ಸೇರಿಸಿದ ಕಾಂಕ್ರೀಟಿನಿಂದ ಕಟ್ಟಿದರು. ಇದರಲ್ಲಿ ಎಂಜಿನಿಯರಾಗಿದ್ದ ತಮ್ಮ ಜೂಲಿಯಸ್‌ನ ಪಾತ್ರ ದೊಡ್ಡದು. ಕಾಂಕ್ರೀಟು ಒತ್ತಡವನ್ನು ಸಹಿಸುತ್ತದೆ, ಎಳೆತವನ್ನು ಸಹಿಸದು. ತೊಲೆಯ ತುದಿಗಳಲ್ಲಿ ಓರೆಯಾಗಿ ಬಿರುಕು ಬಿಡುತ್ತದೆ. ಜೂಲಿಯಸ್ ರೂಪಿಸಿದ ಉಕ್ಕಿನ ಸರಳಿನ ಪಕ್ಕದ ರೆಕ್ಕೆಗಳನ್ನು ಮೇಲಕ್ಕೆ ಓರೆಯಾಗಿ ಬಗ್ಗಿಸಲಾಗಿತ್ತು. ಅವು ಆ ಬಿರುಕನ್ನು ತಡೆದವು. ಭಾರವನ್ನೆಲ್ಲ ಕಂಬಗಳೂ ತೊಲೆಗಳೂ ಹೊತ್ತುದರಿಂದ ಗೋಡೆಗೆ ಬಿಡುವು ದೊರೆಯಿತು. ಗೋಡೆಯಿದ್ದ ಕಡೆ ಗಾಜು ಬಂತು. ಗಾಜಿನೊಡನೆ ಹಗಲು ಒಳಗೆ ಬಂತು.

ಇದನ್ನು ಕಂಡ ಹೆನ್ರಿ ಫೋರ್ಡ್ ಅವರನ್ನು ಕರೆಸಿಕೊಂಡರು. 1910ರಲ್ಲಿ ಆರಂಭವಾದ ಹೈಲೆಂಡ್ ಪಾರ್ಕ್ ಕಾರ್ಖಾನೆಯ ಮುಖ್ಯ ಕಟ್ಟಡ ನಾಲ್ಕು ಅಂತಸ್ತಿನದು, 865 ಅಡಿ ಉದ್ದದ್ದು. ಅದರ ಗಾಜನ್ನು ಕಂಡು ಜನರು ಅದನ್ನು ಸ್ಫಟಿಕದ ಅರಮನೆಯೆಂದು ಕರೆದರು. 1913ರಲ್ಲಿ ಚಲಿಸುವ ಜೋಡಣಾ ಸಾಲು ಇಲ್ಲಿಯೇ ಬೇರೂರಿತು. ಇಟಲಿಯ ಟ್ಯೂರಿನ್‌ನಲ್ಲಿ ಫಿಯೆಟ್ ಕಂಪನಿಯ ಲಿಂಗೊಟ್ಟೊ ಕಾರ್ಖಾನೆಗೂ ಈ ಮಾದರಿಯೇ ಸ್ಫೂರ್ತಿ. ಆದರೆ ಸಾಮಗ್ರಿಯನ್ನು ಅಂತಸ್ತಿನಿಂದ ಅಂತಸ್ತಿಗೆ ಸಾಗಿಸುವುದು ತೊಡಕೆನಿಸಿದಾಗ, ಕಾನ್ ಅವರು ತಮ್ಮದೇ ಮಾದರಿಗೆ ಅಂಟಿಕೊಳ್ಳದೆ, ರೂಜ್ ನದೀತೀರದಲ್ಲಿ ಉಕ್ಕಿನ ಒಂದಂತಸ್ತಿನ ವಿಶಾಲ ಕಟ್ಟಡಗಳನ್ನು ರಚಿಸಿದರು.

ಈ ಬಾಳಿನಲ್ಲೊಂದು ಮುಳ್ಳೂ ಇತ್ತು. 1920ರಿಂದ ಫೋರ್ಡರ ಪತ್ರಿಕೆ ಯಹೂದಿಗಳ ಮೇಲೆ ದ್ವೇಷವನ್ನು ಕಾರಿತು. 1927ರಲ್ಲಿ ಫೋರ್ಡ್ ಕ್ಷಮೆ ಯಾಚಿಸಿದರು. ಧರ್ಮಗುರುವಿನ ಮಗನಾದ ಕಾನ್ ಆ ಕಾಲದಲ್ಲೂ ಫೋರ್ಡರಿಗೆ ಕಟ್ಟಡಗಳನ್ನು ರಚಿಸುತ್ತಲೇ ಇದ್ದರು. ಇದನ್ನು ಸಹನೆಯೆನ್ನಬೇಕೋ ವ್ಯವಹಾರವೆನ್ನಬೇಕೋ ನಾನು ನಿರ್ಣಯಿಸಲಾರೆ. ಹೊರಗಿನಿಂದ ಬಂದು ನೆಲೆಸಿದವನ ಸಂಕಟವೇನೆಂಬುದನ್ನು ಗಡಿನಾಡಿನವರಾದ ನಾವು ಅಷ್ಟಿಷ್ಟು ಊಹಿಸಬಲ್ಲೆವು.

1929ರಲ್ಲಿ ಸೋವಿಯತ್ ದೇಶ ಸ್ಟಾಲಿನ್‌ಗ್ರಾಡ್ ಟ್ರ್ಯಾಕ್ಟರ್ ಕಾರ್ಖಾನೆಗಾಗಿ ಅವರನ್ನು ಆಶ್ರಯಿಸಿತು. 1932ರವರೆಗೆ ಅವರ ಸಂಸ್ಥೆ ಅಲ್ಲಿ ಐನೂರಕ್ಕೂ ಹೆಚ್ಚು ಕಾರ್ಖಾನೆಗಳ ರಚನೆಯಲ್ಲಿ ತೊಡಗಿ, ಸಾವಿರಾರು ತಂತ್ರಜ್ಞರಿಗೆ ತರಬೇತಿ ನೀಡಿತು. ಮಹಾಯುದ್ಧದ ಕಾಲದಲ್ಲಿ ವಿಮಾನ ಕಾರ್ಖಾನೆಗಳನ್ನು ರಚಿಸುತ್ತಿದ್ದ ಕಾನ್ 1942ರ ಡಿಸೆಂಬರ್ 8ರಂದು ತೀರಿಕೊಂಡರು.

ಹೈಲೆಂಡ್ ಪಾರ್ಕ್ 1978ರಲ್ಲಿ ರಾಷ್ಟ್ರೀಯ ಸ್ಮಾರಕವೆಂಬ ಮನ್ನಣೆ ಪಡೆಯಿತು. ಬಹುಕಾಲ ಪಾಳುಬಿದ್ದಿದ್ದ ಪ್ಯಾಕರ್ಡ್ ಕಾರ್ಖಾನೆಯನ್ನು 2022ರಿಂದ ಕೆಡವತೊಡಗಿದರು. ಕಟ್ಟಡಗಳಿಗೂ ಆಯುಸ್ಸುಂಟು. ಆದರೆ ಬಣ್ಣ ಕಾಣದ ಹುಡುಗನಲ್ಲಿ ರೇಖೆಯನ್ನು ಕಂಡ ಆ ಗುರುವಿನ ಉಪಕಾರ ಅಳಿಯಲಿಲ್ಲ. ಅಂಥ ಕಣ್ಣುಳ್ಳ ಉಪಾಧ್ಯಾಯರು ನಮ್ಮ ಶಾಲೆಗೆ ಎಂದೆಂದೂ ದೊರೆಯಲಿ, ಶಾಲೆಯು ಶತಮಾನೋತ್ಸವವನ್ನು ಕಾಣಲಿ ಎಂದು ಹಾರೈಸುತ್ತೇನೆ.