ಗಂಟಿಗೆ ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆಯೇ? ಜೀವಕೋಶ ನೋಡಿ ರೋಗ ಗುರುತಿಸಿದ ಪಾಪಾನಿಕೊಲೌ ಅವರ ಕಥೆ

ಸಾಕಿದ ನಾಯಿಯ ಗಂಟಲ ಕೆಳಗೆ ಅಥವಾ ಭುಜದ ಮುಂದೆ ಗಂಟು ಕಾಣಿಸಿದರೆ ಪಶುವೈದ್ಯರು ಸಾಮಾನ್ಯವಾಗಿ ಮೊದಲು ಸೂಜಿ ಪರೀಕ್ಷೆ ಮಾಡಿಸಲು ಹೇಳುತ್ತಾರೆ. ಅಷ್ಟರಲ್ಲಿ ಗಂಟಿಗೆ ಸೂಜಿ ಚುಚ್ಚಿಸಿದರೆ ಕ್ಯಾನ್ಸರ್ ಮೈಯೆಲ್ಲ ಹರಡುತ್ತದೆ ಎಂಬ ಮಾತು ಯಾರಿಂದಲೋ ಬಂದು ತಲುಪಿರುತ್ತದೆ. ಹೆದರಿದ ಮನೆಯವರು ಪರೀಕ್ಷೆ ಮುಂದೂಡುತ್ತಾರೆ. ಇದು ನಿಜವೇ? ಉತ್ತರ ತಿಳಿಯಲು, ಬಿಡಿ ಜೀವಕೋಶಗಳನ್ನು ನೋಡಿಯೇ ಕ್ಯಾನ್ಸರ್ ಗುರುತಿಸಬಹುದು ಎಂದು ತೋರಿಸಿಕೊಟ್ಟ ಜಾರ್ಜ್ ಪಾಪಾನಿಕೊಲೌ ಅವರ ಬದುಕನ್ನು ನಾವು ಮೊದಲು ನೋಡೋಣ. ಮಹಿಳೆಯರಿಗೆ ಮಾಡುವ ಪ್ಯಾಪ್ ಸ್ಮಿಯರ್ ಪರೀಕ್ಷೆಯಲ್ಲಿರುವ 'ಪ್ಯಾಪ್' ಇವರ ಹೆಸರಿನ ತುಣುಕು.

ವೈದ್ಯ ಪದವಿ ಇದ್ದರೂ ಅಂಗಡಿ ಕೆಲಸ

ಪಾಪಾನಿಕೊಲೌ ಹುಟ್ಟಿದ್ದು 1883ರಲ್ಲಿ, ಗ್ರೀಸ್‌ನ ಯೂಬಿಯಾ ದ್ವೀಪದ ಕೀಮಿ ಎಂಬ ಊರಿನಲ್ಲಿ. ತಂದೆ ವೈದ್ಯರು. ಮಗನೂ ಅಥೆನ್ಸ್‌ನಲ್ಲಿ ವೈದ್ಯಕೀಯ ಓದಿ, 1910ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಡಾಕ್ಟರೇಟ್ ಪಡೆದರು. ಅದೇ ವರ್ಷ ಆಂಡ್ರೊಮಾಖಿ ಅವರನ್ನು ಮದುವೆಯಾದರು. ಮುಂದೆ ಅವರು ಮೇರಿ ಎಂದೇ ಪರಿಚಿತರಾದರು.

1913ರಲ್ಲಿ ದಂಪತಿ ನ್ಯೂಯಾರ್ಕ್‌ಗೆ ಬಂದಿಳಿದರು. ಕೈಯಲ್ಲಿ ಹೆಚ್ಚು ಹಣವಿರಲಿಲ್ಲ. ಮೇರಿ ಅಂಗಡಿಯೊಂದರಲ್ಲಿ ಗುಂಡಿ ಹೊಲಿಯುವ ಕೆಲಸಕ್ಕೆ ಸೇರಿದರು. ಪಾಪಾನಿಕೊಲೌ ಕಾರ್ಪೆಟ್ ಮಾರಲು ಹೋದರು, ಹೋಟೆಲುಗಳಲ್ಲಿ ಪಿಟೀಲು ನುಡಿಸಿದರು. 1914ರಲ್ಲಿ ಕಾರ್ನೆಲ್ ವೈದ್ಯಕೀಯ ಕಾಲೇಜಿನ ಪ್ರಯೋಗಾಲಯದಲ್ಲಿ ಅವರಿಗೆ ಕೆಲಸ ಸಿಕ್ಕಿತು. ಮೇರಿ ಅಲ್ಲಿ ಸಂಬಳವಿಲ್ಲದೆ ಅವರ ಸಹಾಯಕಿಯಾಗಿ ದುಡಿದರು.

ಗಿನಿಯಿಲಿ ಕಲಿಸಿದ ಪಾಠ

ಸಂಶೋಧನೆಗೆ ಗಿನಿಯಿಲಿಗಳ ಅಂಡಾಣು ಬೇಕಿತ್ತು. ಅಂಡಾಣು ಬಿಡುಗಡೆಯಾಗುವ ಸಮಯ ಗೊತ್ತಾಗದೆ ಪ್ರಾಣಿಗಳನ್ನು ಕೊಂದು ನೋಡಬೇಕಾಗುತ್ತಿತ್ತು. ಪಾಪಾನಿಕೊಲೌ ಮೂಗು ಪರೀಕ್ಷಿಸುವ ಪುಟ್ಟ ಸಾಧನ ಬಳಸಿ ಗಿನಿಯಿಲಿಯ ಯೋನಿಯಿಂದ ದ್ರವ ತೆಗೆದು, ಗಾಜಿನ ಸ್ಲೈಡ್ ಮೇಲೆ ಸವರಿ, ಸೂಕ್ಷ್ಮದರ್ಶಕದಲ್ಲಿ ನೋಡಿದರು. ಜೀವಕೋಶಗಳ ರೂಪ ದಿನದಿಂದ ದಿನಕ್ಕೆ ಬದಲಾಗುತ್ತಿತ್ತು. ಅದನ್ನು ನೋಡಿಯೇ ಸಮಯ ಹೇಳಬಹುದಿತ್ತು. 1917ರಲ್ಲಿ ಈ ಅಧ್ಯಯನ ಪ್ರಕಟವಾಯಿತು.

ನಂತರ ಅವರು ಮಹಿಳೆಯರ ಮಾದರಿಗಳತ್ತ ತಿರುಗಿದರು. ಅನೇಕ ವರ್ಷ ಮೇರಿ ತಮ್ಮದೇ ಮಾದರಿಗಳನ್ನು ಕೊಟ್ಟರು. ಒಮ್ಮೆ ಗರ್ಭಕಂಠದ ಕ್ಯಾನ್ಸರ್ ಇದ್ದ ಮಹಿಳೆಯ ಸ್ಲೈಡ್‌ನಲ್ಲಿ ವಿಕಾರವಾದ ಜೀವಕೋಶಗಳು ಸ್ಪಷ್ಟವಾಗಿ ಕಂಡವು.

ಯಾರೂ ನಂಬಲಿಲ್ಲ

1928ರಲ್ಲಿ ಅವರು ಇದನ್ನು ಸಮ್ಮೇಳನವೊಂದರಲ್ಲಿ ಮಂಡಿಸಿದಾಗ ಉತ್ಸಾಹದ ಸ್ವಾಗತ ಸಿಗಲಿಲ್ಲ. ಮಾಂಸದ ತುಂಡು ತೆಗೆದು ನೋಡುವ ಬಯಾಪ್ಸಿ ಇರುವಾಗ ಬಿಡಿ ಜೀವಕೋಶಗಳು ಏಕೆ ಎಂಬುದು ಅಂದಿನ ತಜ್ಞರ ಧೋರಣೆ. ರೊಮೇನಿಯಾದ ಔರೆಲ್ ಬಾಬೆಷ್ ಕೂಡ ಅದೇ ಸುಮಾರಿಗೆ ಸ್ವತಂತ್ರವಾಗಿ ಇಂಥದೇ ವಿಧಾನ ಕಂಡುಕೊಂಡಿದ್ದರು. ಪಾಪಾನಿಕೊಲೌ 1939ರಲ್ಲಿ ಸ್ತ್ರೀರೋಗ ತಜ್ಞ ಹರ್ಬರ್ಟ್ ಟ್ರಾಟ್ ಜೊತೆ ದೊಡ್ಡ ಪ್ರಮಾಣದಲ್ಲಿ ಪರೀಕ್ಷೆ ಶುರುಮಾಡಿದರು. 1943ರಲ್ಲಿ ಇಬ್ಬರ ಪುಸ್ತಕ ಬಂತು. ಆಮೇಲೆ ಜಗತ್ತು ಒಪ್ಪಿತು. ಅವರು 1962ರಲ್ಲಿ ತೀರಿಕೊಂಡರು. ಗ್ರೀಸ್ ತನ್ನ 10,000 ಡ್ರಾಕ್ಮಾ ನೋಟಿನ ಮೇಲೆ ಅವರ ಚಿತ್ರ ಮುದ್ರಿಸಿತು.

ನಾಯಿಯ ಗಂಟಿಗೂ ಇದಕ್ಕೂ ಏನು ಸಂಬಂಧ?

ಸೂಜಿಯಿಂದ ಜೀವಕೋಶ ಹೀರುವ ವಿಧಾನ ಪಾಪಾನಿಕೊಲೌ ಅವರದ್ದಲ್ಲ. ಅದನ್ನು ನ್ಯೂಯಾರ್ಕ್‌ನ ಮೆಮೋರಿಯಲ್ ಆಸ್ಪತ್ರೆಯ ಮಾರ್ಟಿನ್ ಮತ್ತು ಎಲಿಸ್ 1930ರಲ್ಲಿ ವರದಿ ಮಾಡಿದ್ದರು. ಆದರೆ ಬಿಡಿ ಜೀವಕೋಶಗಳನ್ನು ನಂಬಬಹುದು ಎಂಬ ತಿಳಿವು ಎರಡಕ್ಕೂ ಒಂದೇ. ಇಂದು ನಾಯಿಯ ಊದಿದ ದುಗ್ಧಗ್ರಂಥಿಗೆ ಸಣ್ಣ ಸೂಜಿ ಹಾಕಿ ಜೀವಕೋಶ ತೆಗೆಯುತ್ತಾರೆ. ಸಾಮಾನ್ಯವಾಗಿ ಅರಿವಳಿಕೆ ಬೇಕಾಗುವುದಿಲ್ಲ. ಸ್ಲೈಡ್ ತುಂಬ ದೊಡ್ಡ, ಎಳೆಯ ಲಿಂಫೋಸೈಟ್‌ಗಳೇ ಕಂಡರೆ ಅದು ಲಿಂಫೋಮಾ ಎಂಬ ಕ್ಯಾನ್ಸರ್‌ನ ಗುರುತು. ನಿಧಾನವಾಗಿ ಬೆಳೆಯುವ ಬಗೆಗಳಲ್ಲಿ ಮಾತ್ರ ಬಯಾಪ್ಸಿ ಅಥವಾ ಬೇರೆ ಪರೀಕ್ಷೆ ಬೇಕಾಗಬಹುದು.

ಹಾಗಾದರೆ ಸತ್ಯ ಏನು?

ದುಗ್ಧಗ್ರಂಥಿಗೆ ಸೂಜಿ ಹಾಕುವುದರಿಂದ ಲಿಂಫೋಮಾ ಹರಡುತ್ತದೆ ಎಂಬುದು ತಪ್ಪು. ಈ ರೋಗ ಪತ್ತೆಯಾಗುವ ಹೊತ್ತಿಗೆ ಸಾಮಾನ್ಯವಾಗಿ ದೇಹದ ಹಲವು ಕಡೆ ಇದ್ದೇ ಇರುತ್ತದೆ. ಮೂತ್ರಕೋಶದ ಗಡ್ಡೆಯಂಥ ಕೆಲವು ಕಡೆ ಪಶುವೈದ್ಯರೇ ಸೂಜಿ ತಪ್ಪಿಸುತ್ತಾರೆ. ಆ ಎಚ್ಚರಿಕೆಯನ್ನು ಎಲ್ಲ ಗಂಟಿಗೂ ಅನ್ವಯಿಸುವುದು ಸರಿಯಲ್ಲ.

ನಿಜವಾದ ಅಪಾಯ ತಡಮಾಡುವುದು. ವೇಗವಾಗಿ ಬೆಳೆಯುವ ಲಿಂಫೋಮಾಕ್ಕೆ ಚಿಕಿತ್ಸೆ ಸಿಗದಿದ್ದರೆ ಹೆಚ್ಚಿನ ನಾಯಿಗಳು ಒಂದೆರಡು ತಿಂಗಳಷ್ಟೇ ಬದುಕುತ್ತವೆ. ಪರೀಕ್ಷೆಗೆ ಮೊದಲೇ ಸ್ಟೀರಾಯ್ಡ್ ಕೊಟ್ಟರೆ ಗಂಟು ಕರಗಿದಂತೆ ಕಂಡು ರೋಗ ಗುರುತಿಸುವುದು ಕಷ್ಟವಾಗುತ್ತದೆ. ಆದ್ದರಿಂದ ಗಂಟು ಕಂಡರೆ ಮೊದಲು ಪಶುವೈದ್ಯರ ಬಳಿ ಹೋಗಿ. ಸೂಜಿ ಬೇಡ ಎನ್ನುವ ಸಂದೇಶ ಬಂದರೆ ಮುಂದಕ್ಕೆ ಕಳಿಸಬೇಡಿ. ಕಳಿಸಿದವರಿಗೆ ಈ ಲೇಖನ ಕಳಿಸಿ.