ನಾಯಿ ಕಡಿತಕ್ಕೆ ಲಸಿಕೆ ಕೊಟ್ಟ ಪಾಶ್ಚರ್ ಡಾಕ್ಟರೇ ಆಗಿರಲಿಲ್ಲ!

ನಾಯಿ ಕಚ್ಚಿತು ಅಂದ್ರೆ ಸಾಕು, ಹೊಕ್ಕಳ ಸುತ್ತ 14 ಇಂಜೆಕ್ಷನ್ ಅಂತ ಹಿರಿಯರು ಈಗಲೂ ಹೆದರಿಸ್ತಾರೆ. ಆ ಹಳೇ ಲಸಿಕೆ ನಮ್ಮ ದೇಶದಲ್ಲಿ 2005ರ ಹೊತ್ತಿಗೇ ನಿಂತಿದೆ. ಈಗ ತೋಳಿಗೆ ಕೆಲವೇ ಸೂಜಿ. ಕಚ್ಚಿದ ಮೇಲೂ ಲಸಿಕೆ ಕೊಟ್ಟು ಜೀವ ಉಳಿಸಬಹುದು ಅಂತ ಮೊದಲು ಮಾಡಿ ತೋರಿಸಿದವರು ಫ್ರಾನ್ಸ್‌ನ ಲೂಯಿ ಪಾಶ್ಚರ್.

1822ರ ಡಿಸೆಂಬರ್ 27ರಂದು ಹುಟ್ಟಿದ ಇವರ ತಂದೆ ಚರ್ಮ ಹದ ಮಾಡುತ್ತಿದ್ದವರು. ಪಾಶ್ಚರ್ ಹುಡುಗನಾಗಿದ್ದಾಗ ಊರ ಕಡೆ ಹುಚ್ಚು ತೋಳ ನುಗ್ಗಿ ಹಲವರನ್ನು ಕಚ್ಚಿತ್ತು. ಕಮ್ಮಾರನ ಹತ್ತಿರ ಕಾದ ಕಬ್ಬಿಣದಿಂದ ಗಾಯ ಸುಡಿಸಿಕೊಳ್ಳೋದೇ ಆಗಿನ ಚಿಕಿತ್ಸೆ.

ಓದಿದ್ದು ರಸಾಯನಶಾಸ್ತ್ರ. ಹಾಲಿನ ಪ್ಯಾಕೆಟ್ ಮೇಲಿನ 'ಪಾಶ್ಚರೀಕರಿಸಿದ' ಅನ್ನೋ ಮಾತು ಇವರ ಹೆಸರಿನದೇ. ರೇಷ್ಮೆ ಹುಳುವಿನ ಪೆಬ್ರಿನ್ ರೋಗ ತಡೆಯಲು ತಾಯಿ ಚಿಟ್ಟೆಯನ್ನು ಪರೀಕ್ಷಿಸಿ ಮೊಟ್ಟೆ ಆರಿಸುವ ವಿಧಾನವೂ ಇವರದ್ದೇ. ನಮ್ಮ ರೇಷ್ಮೆ ಬೆಳೆಗಾರರಿಗೆ ಇದು ಗೊತ್ತಿರುತ್ತೆ. ಐವರು ಮಕ್ಕಳಲ್ಲಿ ಮೂವರನ್ನು ಕಳೆದುಕೊಂಡರು. 1868ರಲ್ಲಿ ಪಾರ್ಶ್ವವಾಯು ಬಡಿದು ದೇಹದ ಎಡಭಾಗ ಸೋತಿತು. ಕೆಲಸ ಮಾತ್ರ ಬಿಡಲಿಲ್ಲ.

ರೇಬೀಸ್ ವೈರಸ್ ಆಗಿನ ಸೂಕ್ಷ್ಮದರ್ಶಕಕ್ಕೆ ಕಾಣುತ್ತಿರಲಿಲ್ಲ. ಕಣ್ಣಿಗೆ ಕಾಣದ ಶತ್ರುವಿಗೇ ಮದ್ದು ಹುಡುಕಿದರು. ರೋಗ ತಗುಲಿದ ಮೊಲದ ಬೆನ್ನುಹುರಿಯನ್ನು ಗಾಜಿನ ಸೀಸೆಯಲ್ಲಿ ತೂಗುಹಾಕಿ ಒಣಗಿಸಿದರು. ಹೆಚ್ಚು ದಿನ ಒಣಗಿದಷ್ಟೂ ವಿಷ ಕಡಿಮೆ. ಮೊದಲು ಪೂರ್ತಿ ಒಣಗಿದ್ದು, ಆಮೇಲೆ ದಿನದಿಂದ ದಿನಕ್ಕೆ ತಾಜಾ ಇದ್ದದ್ದು ಚುಚ್ಚುವುದು ಅವರ ಕ್ರಮ. ರೋಗ ಮಿದುಳು ಮುಟ್ಟೋಕೆ ವಾರಗಟ್ಟಲೆ ಬೇಕು, ಅಷ್ಟರೊಳಗೆ ಮೈಯಲ್ಲಿ ಶಕ್ತಿ ಬರಬೇಕು.

1885ರ ಜುಲೈ 6. ಹುಚ್ಚುನಾಯಿ ಮೈಯೆಲ್ಲಾ ಕಚ್ಚಿದ್ದ 9 ವರ್ಷದ ಜೋಸೆಫ್ ಮೈಸ್ಟರ್‌ನನ್ನು ತಾಯಿ ಅಲ್ಸೇಸ್‌ನಿಂದ ಪ್ಯಾರಿಸ್‌ಗೆ ಕರೆತಂದರು. ಪಾಶ್ಚರ್ ಡಾಕ್ಟರಲ್ಲ, ಸೂಜಿ ಹಾಕುವಂತಿಲ್ಲ. ಹುಡುಗ ಸತ್ತರೆ ಹೊಣೆ ಮಾತ್ರ ಅವರದೇ. ಸಹೋದ್ಯೋಗಿ ರೂ ಇದರಿಂದ ದೂರ ಉಳಿದರು. ಇದೇ ಕ್ರಮದ ಪರೀಕ್ಷೆ ನಾಯಿಗಳ ಮೇಲೂ ಮುಗಿದಿರಲಿಲ್ಲ ಅಂತ ಪಾಶ್ಚರ್ ಟಿಪ್ಪಣಿ ಪುಸ್ತಕಗಳಿಂದ ಎಷ್ಟೋ ವರ್ಷಗಳ ನಂತರ ತಿಳಿಯಿತು. ಇದು ಸರಿಯೋ ತಪ್ಪೋ ಅನ್ನೋ ಚರ್ಚೆ ಇನ್ನೂ ಇದೆ. ಆದರೆ ಆ ತಾಯಿಗೆ ಬೇರೆ ದಾರಿ ಎಲ್ಲಿತ್ತು? ಡಾ. ಗ್ರಾಂಶೆ 13 ಸೂಜಿ ಹಾಕಿದರು. ಹುಡುಗ ಬದುಕಿದ.

ಎಲ್ಲರೂ ಉಳಿಯಲಿಲ್ಲ. ಕಚ್ಚಿ 37 ದಿನ ಆದ ಮೇಲೆ ಬಂದ ಲೂಯಿಸ್ ಪೆಲ್ಟಿಯೆ ಎಂಬ ಬಾಲಕಿ ತೀರಿಕೊಂಡಳು. ತಡವಾಗಿದೆ ಅಂತ ಗೊತ್ತಿದ್ದೂ ಪಾಶ್ಚರ್ ಇಲ್ಲ ಅನ್ನಲಿಲ್ಲ. 1886ರಲ್ಲಿ ರಷ್ಯಾದಿಂದ ತೋಳ ಕಚ್ಚಿದ 19 ಮಂದಿ ಬಂದರು, 16 ಮಂದಿ ಉಳಿದರು.

ಜನರ ದೇಣಿಗೆಯಿಂದ 1888ರಲ್ಲಿ ಪ್ಯಾರಿಸ್‌ನಲ್ಲಿ ಪಾಶ್ಚರ್ ಸಂಸ್ಥೆ ತೆರೆಯಿತು. ನಮ್ಮ ಪಕ್ಕದ ನೀಲಗಿರಿಯ ಕೂನೂರಿನಲ್ಲೂ 1907ರಲ್ಲಿ ಇವರ ಹೆಸರಿನ ಸಂಸ್ಥೆ ಶುರುವಾಯಿತು. ಪಾಶ್ಚರ್ 1895ರ ಸೆಪ್ಟೆಂಬರ್ 28ರಂದು ನಿಧನರಾದರು. ವಿಶ್ವ ರೇಬೀಸ್ ದಿನ ಅದೇ ತಾರೀಖು. ಅವರ ಸಮಾಧಿ ಇರುವುದು ಪ್ಯಾರಿಸ್‌ನ ಆ ಸಂಸ್ಥೆಯಲ್ಲೇ. ಜೋಸೆಫ್ ಮೈಸ್ಟರ್ ದೊಡ್ಡವನಾದ ಮೇಲೆ ಅಲ್ಲೇ ಕಾವಲುಗಾರನಾಗಿ ಕೆಲಸಕ್ಕಿದ್ದ.