ಫ್ಲಾರೆನ್ಸ್ ಲಾರೆನ್ಸ್

ಫ್ಲಾರೆನ್ಸ್ ಲಾರೆನ್ಸ್ (ಜನನ: ಜನವರಿ ೨, ೧೮೮೬, ಮರಣ: ಡಿಸೆಂಬರ್ ೨೮, ೧೯೩೮) ಕೆನಡಾದಲ್ಲಿ ಹುಟ್ಟಿ ಅಮೆರಿಕದಲ್ಲಿ ಖ್ಯಾತಿ ಪಡೆದ ಮೂಕಿ ಚಿತ್ರಗಳ ನಟಿ. ಸುಮಾರು ೩೦೦ ಚಿತ್ರಗಳಲ್ಲಿ ಅಭಿನಯಿಸಿದ ಇವರನ್ನು ಚಲನಚಿತ್ರ ಲೋಕದ ಮೊದಲ ತಾರೆ ಎಂದು ಅನೇಕರು ಗುರುತಿಸುತ್ತಾರೆ. ಮೋಟಾರು ವಾಹನವು ಯಾವ ಕಡೆಗೆ ತಿರುಗಲಿದೆ, ಯಾವಾಗ ನಿಲ್ಲಲಿದೆ ಎಂಬುದನ್ನು ಹಿಂದೆ ಬರುವವರಿಗೆ ತಿಳಿಸುವ ಎರಡು ಸಾಧನಗಳನ್ನು ೧೯೧೪ರ ಸುಮಾರಿಗೆ ಇವರು ರೂಪಿಸಿದರು. ಇಂದು ವಾಹನಗಳಲ್ಲಿ ಕಾಣುವ ಇಂಡಿಕೇಟರ್ ಹಾಗೂ ಬ್ರೇಕ್ ದೀಪಗಳ ಪೂರ್ವರೂಪಗಳಲ್ಲಿ ಅವೂ ಸೇರುತ್ತವೆ. ಈ ಸಾಧನೆ ಬಹುಕಾಲ ಮರೆವಿಗೆ ಸಂದಿತ್ತು. ಈಚೆಗೆ ಅದನ್ನು ನೆನಪಿಸಿಕೊಳ್ಳುವವರು ಇಂಡಿಕೇಟರನ್ನು ಕಂಡುಹಿಡಿದವರೇ ಇವರೆಂದು ಹೇಳಿಬಿಡುವುದೂ ಇದೆ. ಇವೆರಡೂ ಸರಿಯಲ್ಲ.

ಜನನ ಮತ್ತು ಬಾಲ್ಯ

ಫ್ಲಾರೆನ್ಸ್ ಆನಿ ಬ್ರಿಜ್‌ವುಡ್ ಎಂಬುದು ಇವರ ಹುಟ್ಟುಹೆಸರು. ಜನ್ಮಸ್ಥಳ ಕೆನಡಾದ ಒಂಟಾರಿಯೊ ಪ್ರಾಂತ್ಯದ ಹ್ಯಾಮಿಲ್ಟನ್ ನಗರ. ತಂದೆ ಜಾರ್ಜ್ ಬ್ರಿಜ್‌ವುಡ್ ಇಂಗ್ಲೆಂಡಿನಿಂದ ಬಂದು ನೆಲೆಸಿದವರು. ಕುದುರೆ ಸಾರೋಟುಗಳನ್ನು ತಯಾರಿಸುವುದು ಅವರ ಕಸುಬು. ತಾಯಿ ಷಾರ್ಲಟ್, ಲೋಟಾ ಲಾರೆನ್ಸ್ ಎಂಬ ರಂಗನಾಮದಿಂದ ಪರಿಚಿತರಾಗಿದ್ದ ನಟಿ. ಊರಿಂದೂರಿಗೆ ಸಂಚರಿಸುತ್ತಿದ್ದ ಲಾರೆನ್ಸ್ ನಾಟಕ ಕಂಪನಿಯ ನಾಯಕಿಯೂ ನಿರ್ದೇಶಕಿಯೂ ಅವರೇ. ಮಗಳಿಗೆ ನಾಲ್ಕು ವರ್ಷವಾಗಿದ್ದಾಗ ತಂದೆ ತಾಯಿ ಬೇರೆಯಾದರು. ಆ ಸುಮಾರಿಗೆ ಮಗುವಿಗೂ ತಾಯಿಯ ರಂಗನಾಮವೇ ಮನೆತನದ ಹೆಸರಾಯಿತು.

ನಮ್ಮ ನಾಟಕ ಕಂಪನಿಗಳ ಬಾಲನಟರಂತೆ ಫ್ಲಾರೆನ್ಸ್ ಕೂಡ ಮಾತು ಕಲಿಯುವ ವಯಸ್ಸಿನಲ್ಲೇ ರಂಗದ ಮೇಲೆ ನಿಂತರು. ಸೊಗಸಾಗಿ ಸಿಳ್ಳೆ ಹಾಕುವ ಪುಟ್ಟ ಬಾಲೆ ಎಂಬುದೇ ಆಗ ಅವರ ಪ್ರಚಾರ. ೧೮೯೮ರಲ್ಲಿ ಕಲ್ಲಿದ್ದಲ ಅನಿಲದ ವಿಷದಿಂದ ತಂದೆ ಆಕಸ್ಮಿಕವಾಗಿ ತೀರಿಕೊಂಡರು. ಬಳಿಕ ಕುಟುಂಬವು ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬಫಲೋ ನಗರಕ್ಕೆ, ಅಜ್ಜಿಯ ಮನೆಗೆ ಬಂದು ನೆಲೆಸಿತು. ಶಾಲೆಯಲ್ಲಿ ಓದುತ್ತ ಕುದುರೆ ಸವಾರಿಯನ್ನೂ ಹಿಮದ ಮೇಲೆ ಜಾರುವ ಆಟವನ್ನೂ ಕಲಿತರು. ಇವುಗಳಲ್ಲಿ ಕುದುರೆ ಸವಾರಿ ಮುಂದೆ ಅವರಿಗೆ ಅನ್ನ ಕೊಟ್ಟಿತು.

ಚಿತ್ರರಂಗ ಪ್ರವೇಶ

ನಾಟಕ ಕಂಪನಿ ಮುಚ್ಚಿದ ಮೇಲೆ ೧೯೦೬ರಲ್ಲಿ ತಾಯಿ ಮಗಳು ನ್ಯೂಯಾರ್ಕ್ ನಗರಕ್ಕೆ ಬಂದರು. ಅಲ್ಲಿ ರಂಗಭೂಮಿಯ ಅವಕಾಶಗಳು ಸುಲಭವಾಗಿ ದೊರೆಯಲಿಲ್ಲ. ಸಿನಿಮಾ ಆಗಿನ್ನೂ ಹದಿನೈದು ನಿಮಿಷಗಳ ಒಂದು ರೀಲಿನ ವಿನೋದ. ಪ್ರತಿಷ್ಠಿತ ನಟರು ಅತ್ತ ಮುಖ ಹಾಕುತ್ತಿರಲಿಲ್ಲ. ಎಡಿಸನ್ ಕಂಪನಿಯು ಡೇನಿಯಲ್ ಬೂನ್ ಎಂಬ ಗಡಿನಾಡ ಸಾಹಸಿಯ ಕಥೆಯನ್ನು ಚಿತ್ರಿಸಲು ಹೊರಟಾಗ, ಕುದುರೆ ಸವಾರಿ ಬಲ್ಲವರೆಂಬ ಕಾರಣಕ್ಕೆ ಫ್ಲಾರೆನ್ಸ್ ಅವರಿಗೆ ಬೂನನ ಮಗಳ ಪಾತ್ರ ಸಿಕ್ಕಿತು. ತಾಯಿಗೂ ಒಂದು ಪಾತ್ರ ದೊರೆಯಿತು. ಕೊರೆಯುವ ಚಳಿಯಲ್ಲಿ ಬಯಲಿನಲ್ಲಿ ಎರಡು ವಾರ ದುಡಿದುದಕ್ಕೆ ದಿನಕ್ಕೆ ೫ ಡಾಲರ್ ಸಂಬಳ. ಮುಂದೆ ವೈಟಾಗ್ರಾಫ್ ಕಂಪನಿಯಲ್ಲಿ ನಟನೆಯ ಜೊತೆಗೆ ಉಡುಪು ಹೊಲಿಯುವ ಕೆಲಸವನ್ನೂ ಮಾಡಿದರು.

೧೯೦೮ರಲ್ಲಿ ಬಯೋಗ್ರಾಫ್ ಕಂಪನಿಗೆ ಬಂದದ್ದು ಜೀವನದ ದೊಡ್ಡ ತಿರುವು. ಡಿ. ಡಬ್ಲ್ಯೂ. ಗ್ರಿಫಿತ್ ಅಲ್ಲಿ ಆಗತಾನೆ ನಿರ್ದೇಶನಕ್ಕೆ ಕೈಹಾಕಿದ್ದರು. ಕುದುರೆ ಏರಬಲ್ಲ ಯುವತಿಯೊಬ್ಬಳು ಬೇಕೆಂದು ಹುಡುಕುತ್ತಿದ್ದ ಹ್ಯಾರಿ ಸೋಲ್ಟರ್ ಎಂಬ ನಟರ ಮೂಲಕ ಅವಕಾಶ ಒದಗಿ ಬಂತು. ಅದೇ ವರ್ಷ ಸೋಲ್ಟರ್ ಮತ್ತು ಫ್ಲಾರೆನ್ಸ್ ವಿವಾಹವಾದರು.

ಹೆಸರಿಲ್ಲದ ನಟಿ

ಆ ಕಾಲದ ಚಿತ್ರಗಳಲ್ಲಿ ನಟರ ಹೆಸರನ್ನು ಪರದೆಯ ಮೇಲೆ ತೋರಿಸುವ ಪದ್ಧತಿ ಇರಲಿಲ್ಲ. ಹೆಸರು ಗೊತ್ತಾದರೆ ಸಂಬಳ ಹೆಚ್ಚು ಕೇಳುತ್ತಾರೆಂಬ ಅಂಜಿಕೆ ನಿರ್ಮಾಪಕರದು. ಆದರೆ ಪ್ರೇಕ್ಷಕರು ಮುಖವನ್ನು ಗುರುತಿಸುತ್ತಿದ್ದರು. ಆಕೆ ಯಾರೆಂದು ಕೇಳಿ ಕಂಪನಿಗೆ ಕಾಗದ ಬರೆಯುತ್ತಿದ್ದರು. ಉತ್ತರ ದೊರೆಯದೆ ಅವರೇ ಬಯೋಗ್ರಾಫ್ ಹುಡುಗಿ ಎಂಬ ಹೆಸರನ್ನು ಬಳಕೆಗೆ ತಂದರು. ಜೋನ್ಸ್ ದಂಪತಿಗಳ ಸಂಸಾರದ ಕಿರು ಹಾಸ್ಯಚಿತ್ರಗಳ ಮಾಲೆಯಲ್ಲಿ ಶ್ರೀಮತಿ ಜೋನ್ಸ್ ಪಾತ್ರದಿಂದ ಜನಪ್ರಿಯತೆ ಇನ್ನಷ್ಟು ಹೆಚ್ಚಿತು.

೧೯೦೯ರಲ್ಲಿ ಉತ್ತಮ ಸಂಬಳದ ಆಸೆಯಿಂದ ದಂಪತಿಗಳು ಎಸ್ಸನೆ ಎಂಬ ಬೇರೊಂದು ಕಂಪನಿಗೆ ಪತ್ರ ಬರೆದರು. ಆ ಕಂಪನಿ ವಿಷಯವನ್ನು ಬಯೋಗ್ರಾಫ್‌ಗೆ ತಿಳಿಸಿತು. ಇಬ್ಬರೂ ಕೆಲಸ ಕಳೆದುಕೊಂಡರು. ಬಯೋಗ್ರಾಫ್ ಹುಡುಗಿ ಎಂಬ ಬಿರುದು ಮುಂದೆ ಮೇರಿ ಪಿಕ್‌ಫರ್ಡ್ ಅವರ ಪಾಲಾಯಿತು.

ಕೆಲಸವಿಲ್ಲದೆ ಕುಳಿತ ದಂಪತಿಗಳನ್ನು ಕಾರ್ಲ್ ಲೆಮ್ಲಿ ತಮ್ಮ ಹೊಸ ಐ.ಎಂ.ಪಿ. ಕಂಪನಿಗೆ ಕರೆದುಕೊಂಡರು. ೧೯೧೦ರ ಆರಂಭದಲ್ಲಿ ಫ್ಲಾರೆನ್ಸ್ ನ್ಯೂಯಾರ್ಕಿನಲ್ಲಿ ಟ್ರಾಂ ಗಾಡಿಗೆ ಸಿಕ್ಕಿ ಸತ್ತರೆಂಬ ವದಂತಿ ಹಬ್ಬಿತು. ಹಬ್ಬಿಸಿದವರು ಲೆಮ್ಲಿಯ ಕಡೆಯವರೇ ಎಂಬುದು ಸಾಮಾನ್ಯ ಅಭಿಪ್ರಾಯ. ಮಾರ್ಚ್ ತಿಂಗಳಲ್ಲಿ ಅವರೇ ಜಾಹೀರಾತು ನೀಡಿ ಸುದ್ದಿ ಸುಳ್ಳು, ನಟಿ ಬದುಕಿದ್ದಾರೆ, ಈಗ ತಮ್ಮ ಚಿತ್ರಗಳಲ್ಲಿ ನಟಿಸುತ್ತಿದ್ದಾರೆ ಎಂದು ಸಾರಿದರು. ಬಳಿಕ ಸಹನಟ ಕಿಂಗ್ ಬ್ಯಾಗಟ್ ಅವರೊಡನೆ ಫ್ಲಾರೆನ್ಸ್ ಸೇಂಟ್ ಲೂಯಿಸ್ ನಗರದಲ್ಲಿ ಕಾಣಿಸಿಕೊಂಡಾಗ ಜನ ಕಿಕ್ಕಿರಿದು ಸೇರಿದರು. ಹೀಗೆ ನಟಿಯ ಹೆಸರು ಊರೂರಿಗೆ ತಿಳಿಯಿತು. ಬೇರೆ ಕೆಲವು ಕಂಪನಿಗಳೂ ಅದೇ ಸುಮಾರಿಗೆ ತಮ್ಮ ನಟರ ಹೆಸರನ್ನು ಪ್ರಕಟಿಸಲಾರಂಭಿಸಿದ್ದವು. ಆದುದರಿಂದ ಮೊದಲ ತಾರೆ ಎಂಬ ಬಿರುದನ್ನು ಅಕ್ಷರಶಃ ತೆಗೆದುಕೊಳ್ಳಬೇಕಾಗಿಲ್ಲ.

೧೯೧೧ರಲ್ಲಿ ಫಿಲಡೆಲ್ಫಿಯಾದ ಲೂಬಿನ್ ಕಂಪನಿಯಲ್ಲಿ ದುಡಿದು, ೧೯೧೨ರಲ್ಲಿ ಲೆಮ್ಲಿಯ ನೆರವಿನಿಂದ ಗಂಡನೊಡನೆ ವಿಕ್ಟರ್ ಎಂಬ ಸ್ವಂತ ಚಿತ್ರ ಕಂಪನಿಯನ್ನು ನ್ಯೂಜೆರ್ಸಿಯ ಫೋರ್ಟ್ ಲೀಯಲ್ಲಿ ಸ್ಥಾಪಿಸಿದರು. ಕೈಯಲ್ಲಿ ಹಣ ಓಡಾಡಿದ ಕಾಲ ಅದು. ಅದೇ ರಾಜ್ಯದಲ್ಲಿ ೫೦ ಎಕರೆ ಜಮೀನು ಕೊಂಡು ಗುಲಾಬಿ ಬೆಳೆಸಿದರು.

ಮೋಟಾರು ಕಾರು ಮತ್ತು ಸೂಚಕ ಕೈ

ಆ ದಿನಗಳಲ್ಲಿ ಕಾರು ಇಟ್ಟುಕೊಂಡು ತಾವೇ ಓಡಿಸುವ ಹೆಂಗಸರು ಅಪರೂಪ. ಫ್ಲಾರೆನ್ಸ್ ಕಾರು ಓಡಿಸುವುದರ ಜೊತೆಗೆ ಅದರ ಯಂತ್ರವನ್ನೂ ಅರಿತಿದ್ದರು. ಸಣ್ಣಪುಟ್ಟ ದುರಸ್ತಿಗಳನ್ನು ತಾವೇ ಮಾಡಿಕೊಳ್ಳುತ್ತಿದ್ದರು. ಕಾರು ಜೀವವಿರುವ ಪ್ರಾಣಿಯಂತೆ, ಅಕ್ಕರೆಯಿಂದ ನೋಡಿಕೊಂಡರೆ ಅದೂ ಸ್ಪಂದಿಸುತ್ತದೆ ಎಂಬುದು ಅವರ ಭಾವನೆ. ಸಾರೋಟು ಕಟ್ಟುವವರ ಮಗಳೂ ಕುದುರೆ ಸವಾರಳೂ ಆದವರಿಗೆ ಇದು ಸಹಜವೆಂದೇ ತೋರುತ್ತದೆ.

ಆಗ ಚಾಲಕ ತಿರುಗಬೇಕಾದರೆ ಕೈ ಹೊರಚಾಚಿ ಸನ್ನೆ ಮಾಡುವುದೊಂದೇ ಉಪಾಯ. ಅಮೆರಿಕದಲ್ಲಿ ಚಾಲಕನ ಆಸನ ಹೆಚ್ಚಾಗಿ ಎಡಗಡೆ ಇರತೊಡಗಿದ್ದರಿಂದ ಎಡಗೈಯಿಂದಲೇ ಎಲ್ಲವನ್ನೂ ತಿಳಿಸಬೇಕು. ಎಡಕ್ಕೆ ತಿರುಗುವಾಗ ಕೈ ನೇರ ಚಾಚಬೇಕು, ಬಲಕ್ಕಾದರೆ ಮೊಣಕೈ ಮಡಿಸಿ ಮೇಲೆತ್ತಬೇಕು, ನಿಲ್ಲಿಸುವುದಾದರೆ ಕೆಳಗೆ ಇಳಿಬಿಡಬೇಕು. ಕತ್ತಲಾದ ಮೇಲೆ ಇದು ಯಾರಿಗೂ ಕಾಣದು. ಮಳೆ ಚಳಿಗಳಲ್ಲಿ ಕೈ ಚಾಚಲು ಮನಸ್ಸೂ ಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಸ್ಟಿಯರಿಂಗ್ ಮೇಲೆ ಎರಡೂ ಕೈ ಇರಬೇಕಾದ ಗಳಿಗೆಯಲ್ಲೇ ಒಂದನ್ನು ತೆಗೆಯಬೇಕಾಗುತ್ತಿತ್ತು.

ಫ್ಲಾರೆನ್ಸ್ ರೂಪಿಸಿದ ಸಾಧನವು ರೈಲ್ವೆಯ ಕೈಮರವನ್ನು ನೆನಪಿಗೆ ತರುತ್ತದೆ. ಕಾರಿನ ಹಿಂಬದಿಯ ಮಡ್‌ಗಾರ್ಡ್‌ಗೆ ಚಲಿಸುವ ಕೈಯೊಂದನ್ನು ಜೋಡಿಸಲಾಗಿತ್ತು. ಚಾಲಕ ಗುಂಡಿಯೊತ್ತಿದರೆ ವಿದ್ಯುತ್ ಬಲದಿಂದ ಆ ಕೈ ಏಳುತ್ತಿತ್ತು ಅಥವಾ ಇಳಿಯುತ್ತಿತ್ತು; ವಾಹನ ಯಾವ ಕಡೆ ತಿರುಗಲಿದೆ ಎಂಬುದನ್ನು ಅದರ ಮೇಲಿನ ಫಲಕ ತೋರಿಸುತ್ತಿತ್ತು. ಎರಡನೆಯ ಸಾಧನ ಇನ್ನೂ ಸರಳ. ಚಾಲಕ ಬ್ರೇಕ್ ತುಳಿದೊಡನೆ ನಿಲ್ಲು ಎಂಬ ಅರ್ಥದ ಫಲಕ ಹಿಂಬದಿಯಲ್ಲಿ ತಾನಾಗಿ ಮೇಲೇಳುತ್ತಿತ್ತು. ಇದಕ್ಕೆ ಚಾಲಕ ಬೇರೆ ಏನನ್ನೂ ಮಾಡಬೇಕಾಗಿರಲಿಲ್ಲ. ಬ್ರೇಕ್ ತುಳಿಯುವ ಕ್ರಿಯೆಯೇ ಸೂಚನೆಯೂ ಆಗಬೇಕೆಂಬ ಈ ತತ್ತ್ವ ಇಂದಿನ ಬ್ರೇಕ್ ದೀಪದಲ್ಲಿಯೂ ಇದೆ. ಎರಡು ಸಾಧನಗಳ ಪೈಕಿ ಇದೇ ಹೆಚ್ಚು ದೂರದೃಷ್ಟಿಯದೆಂದು ಹೇಳಬಹುದು.

ಫ್ಲಾರೆನ್ಸ್ ಇವೆರಡಕ್ಕೂ ಪೇಟೆಂಟ್ ಪಡೆಯಲಿಲ್ಲ. ಹೀಗಾಗಿ ಹಣವೂ ಬರಲಿಲ್ಲ, ಹಕ್ಕೂ ಉಳಿಯಲಿಲ್ಲ. ಈ ಕ್ಷೇತ್ರದಲ್ಲಿ ಮೊದಲು ಯೋಚಿಸಿದವರು ಅವರೇ ಎಂಬ ಮಾತಿಗೆ ಆಧಾರವಿಲ್ಲ. ವಾಹನದ ಮೇಲೆ ಕೈಯ ಆಕಾರದ ಸೂಚಕವನ್ನು ಅಳವಡಿಸುವ ಸಾಧನಕ್ಕೆ ಪರ್ಸಿ ಡಗ್ಲಸ್-ಹ್ಯಾಮಿಲ್ಟನ್ ಎಂಬವರು ೧೯೦೯ರಲ್ಲೇ ಅಮೆರಿಕದ ಪೇಟೆಂಟ್ ಪಡೆದಿದ್ದರು. ಹಾಗೆಂದು ಫ್ಲಾರೆನ್ಸರ ಕೆಲಸ ಕಡಿಮೆಯದಾಗುವುದಿಲ್ಲ. ತಿರುವು ಮತ್ತು ನಿಲುಗಡೆ ಎರಡು ಬೇರೆ ಬೇರೆ ಸೂಚನೆಗಳೆಂದು ಗ್ರಹಿಸಿ, ಒಂದನ್ನು ಚಾಲಕನ ಇಚ್ಛೆಗೂ ಇನ್ನೊಂದನ್ನು ಬ್ರೇಕಿಗೂ ಒಪ್ಪಿಸಿದ್ದು ಅವರ ವಿಚಾರದ ವಿಶೇಷ.

ತಾಯಿ ಷಾರ್ಲಟ್ ಈ ವಿಷಯದಲ್ಲಿ ಹೆಚ್ಚು ಎಚ್ಚರದಿಂದ ನಡೆದುಕೊಂಡರು. ಬ್ರಿಜ್‌ವುಡ್ ಹೆಸರಿನಲ್ಲಿ ತಯಾರಿಕಾ ಕಂಪನಿಯೊಂದನ್ನು ನಡೆಸಿದ ಅವರು, ಕಾರಿನ ಮುಂಗಾಜನ್ನು ವಿದ್ಯುತ್ತಿನಿಂದ ಒರೆಸುವ ವೈಪರಿಗೆ ೧೯೧೭ರಲ್ಲಿ ಪೇಟೆಂಟ್ ಪಡೆದರು. ಅದರಲ್ಲಿ ರಬ್ಬರ್ ಪಟ್ಟಿಗೆ ಬದಲು ಉರುಳೆಗಳಿದ್ದವು. ಆದರೆ ಮಾರುಕಟ್ಟೆಯಲ್ಲಿ ಅದೂ ನೆಲೆಯೂರಲಿಲ್ಲ. ಪೇಟೆಂಟ್ ಇದ್ದರೂ ತಾಯಿಗೆ ಲಾಭವಾಗಲಿಲ್ಲವೆಂಬುದನ್ನು ಗಮನಿಸಿದರೆ, ಮಗಳ ನಷ್ಟಕ್ಕೆ ಪೇಟೆಂಟ್ ಇಲ್ಲದ್ದೊಂದೇ ಕಾರಣವೆಂದು ತೀರ್ಮಾನಿಸುವಂತಿಲ್ಲ.

ಸೂಚಕಗಳ ಮುಂದಿನ ಬೆಳವಣಿಗೆ

ಕೈಮರದ ಮಾದರಿಯ ಸೂಚಕಗಳು ಯುರೋಪಿನ ಕಾರುಗಳಲ್ಲಿ ೧೯೫೦ರ ದಶಕದವರೆಗೂ ಬಳಕೆಯಲ್ಲಿದ್ದವು. ಬಾಗಿಲ ಕಂಬದಿಂದ ಹೊರಚಾಚುವ, ಒಳಗೆ ಪುಟ್ಟ ದೀಪ ಉರಿಯುವ ಈ ಕೈಗಳನ್ನು ಹಳೆಯ ಮಾರಿಸ್ ಮೈನರ್ ಕಾರುಗಳಲ್ಲಿ ನೋಡಿದ ನೆನಪು ಹಿರಿಯ ಓದುಗರಿಗೆ ಇರಬಹುದು. ಅಮೆರಿಕದಲ್ಲಿ ಮಿನುಗುವ ದೀಪದ ಮಾದರಿ ಗೆದ್ದಿತು. ಬ್ಯುಯಿಕ್ ಕಂಪನಿ ತನ್ನ ೧೯೩೯ರ ಮಾದರಿಯ ಕಾರುಗಳಲ್ಲಿ ಅದನ್ನು ಅಳವಡಿಸಿಯೇ ಮಾರಿತು.

ಪಿಕಪ್ ಟ್ರಕ್ಕುಗಳಿಗೆ ಈ ಸೌಲಭ್ಯ ತಡವಾಗಿ ಬಂತು. ರೈತರ ಮತ್ತು ಕೂಲಿ ಕೆಲಸದ ಗಾಡಿಗೆ ಅದು ಅನಗತ್ಯ ಖರ್ಚೆಂದು ಭಾವಿಸಿದ್ದಿರಬೇಕು. ೧೯೫೦ರ ದಶಕದ ಆರಂಭದವರೆಗೂ ಅನೇಕ ಪಿಕಪ್‌ಗಳು ಇಂಡಿಕೇಟರ್ ಇಲ್ಲದೆಯೇ ಮಾರಾಟವಾದವು. ಕೆಲವಕ್ಕೆ ಹಿಂಭಾಗದ ಎಡಮೂಲೆಯಲ್ಲಿ ಒಂದೇ ದೀಪ. ಅಂಥ ಗಾಡಿಗಳನ್ನು ಇಂದು ಅಕ್ಕರೆಯಿಂದ ಉಳಿಸಿಕೊಂಡು ರಸ್ತೆಗಿಳಿಸುವವರು ಇಂಡಿಕೇಟರನ್ನು ತಾವೇ ಜೋಡಿಸಿಕೊಳ್ಳುತ್ತಾರೆ. ಸ್ಟಿಯರಿಂಗ್ ಕಂಬಕ್ಕೆ ಬಿಗಿಯುವ ಸ್ವಿಚ್, ಬಿಟ್ಟುಬಿಟ್ಟು ಉರಿಸುವ ಫ್ಲಾಷರ್, ಬಲಗಡೆಗೆ ಇನ್ನೊಂದು ಹಿಂದೀಪ ಬೇಕಾಗುತ್ತವೆ. ಹಳೆಯ ಗಾಡಿಯ ಬ್ಯಾಟರಿ ೬ ವೋಲ್ಟಿನದಾದರೆ ಬಲ್ಬು ಮತ್ತು ಫ್ಲಾಷರ್ ಕೂಡ ಅದಕ್ಕೆ ತಕ್ಕವೇ ಆಗಬೇಕು. ಹಳೆಯ ಬಗೆಯ ಫ್ಲಾಷರ್ ಬಲ್ಬಿನ ಕರೆಂಟಿನಿಂದ ಬಿಸಿಯೇರಿ ಕೆಲಸ ಮಾಡುವುದರಿಂದ, ಕಡಿಮೆ ಕರೆಂಟಿನ ಎಲ್‌ಇಡಿ ದೀಪ ಹಾಕಿದರೆ ಅದು ಸರಿಯಾಗಿ ಮಿನುಗುವುದಿಲ್ಲ.

ಇದರಲ್ಲಿ ತೊಡಕಿನ ಭಾಗ ಬ್ರೇಕ್ ದೀಪದ್ದು. ಈ ಟ್ರಕ್ಕುಗಳಲ್ಲಿ ಬ್ರೇಕ್ ಸೂಚನೆಗೂ ತಿರುವಿನ ಸೂಚನೆಗೂ ಸಾಮಾನ್ಯವಾಗಿ ಒಂದೇ ಬಲ್ಬಿನ ಒಂದೇ ತಂತು. ಬ್ರೇಕ್ ತಂತಿಯನ್ನು ನೇರವಾಗಿ ದೀಪಕ್ಕೆ ಬಿಟ್ಟು ಇಂಡಿಕೇಟರನ್ನೂ ಅಲ್ಲಿಗೇ ಸೇರಿಸಿದರೆ, ಬ್ರೇಕ್ ತುಳಿದಾಗ ದೀಪ ಮಿನುಗದೆ ಸ್ಥಿರವಾಗಿ ಉರಿಯುತ್ತದೆ. ತಿರುವಿಗೆ ಮುಂಚೆ ಬ್ರೇಕ್ ತುಳಿಯುವುದು ಸಹಜವಾದ್ದರಿಂದ, ಸೂಚನೆ ಬೇಕಾದ ಗಳಿಗೆಯಲ್ಲೇ ಅದು ಮಾಯವಾಗುತ್ತದೆ. ಆದಕಾರಣ ಬ್ರೇಕ್ ತಂತಿಯನ್ನು ಇಂಡಿಕೇಟರ್ ಸ್ವಿಚ್ಚಿನೊಳಗಿಂದ ಹಾಯಿಸಬೇಕು. ತಿರುಗುವ ಬದಿಯ ದೀಪಕ್ಕೆ ಸ್ವಿಚ್ಚು ಬ್ರೇಕಿನ ಕರೆಂಟನ್ನು ತಡೆಯುತ್ತದೆ. ಇನ್ನೊಂದು ಬದಿಗೆ ಬಿಡುತ್ತದೆ. ಫ್ಲಾರೆನ್ಸರ ಕಾರಿನಲ್ಲಿ ಎರಡಕ್ಕೂ ಬೇರೆ ಬೇರೆ ಸಾಧನಗಳಿದ್ದುದರಿಂದ ಈ ಗೊಂದಲಕ್ಕೆ ಆಸ್ಪದವಿರಲಿಲ್ಲ.

ಅಪಘಾತ ಮತ್ತು ಕೊನೆಯ ವರ್ಷಗಳು

ಸೂಚಕಗಳನ್ನು ರೂಪಿಸಿದ ಸುಮಾರಿನಲ್ಲೇ ಫ್ಲಾರೆನ್ಸರ ಚಿತ್ರಜೀವನಕ್ಕೆ ದೊಡ್ಡ ಪೆಟ್ಟು ಬಿತ್ತು. ಚಿತ್ರೀಕರಣದಲ್ಲಿ ಬೆಂಕಿಯ ದೃಶ್ಯವೊಂದು ಹತೋಟಿ ಮೀರಿ ಅವರಿಗೆ ಸುಟ್ಟಗಾಯಗಳಾದವು. ಬಿದ್ದು ಬೆನ್ನಿಗೂ ತೀವ್ರ ಪೆಟ್ಟಾಯಿತು. ವಿಕ್ಟರ್ ಕಂಪನಿ ಅಷ್ಟರಲ್ಲಿ ಲೆಮ್ಲಿಯ ಯೂನಿವರ್ಸಲ್ ಸಂಸ್ಥೆಯಲ್ಲಿ ಸೇರಿಹೋಗಿತ್ತು. ಗಂಡನೊಡನೆ ಸಂಬಂಧ ಹಳಸಿತು. ೧೯೧೬ರಲ್ಲಿ ಮರಳಿ ನಟಿಸಲು ಯತ್ನಿಸಿ ಕುಸಿದುಬಿದ್ದರು. ತಿಂಗಳುಗಟ್ಟಲೆ ಹಾಸಿಗೆ ಹಿಡಿದರು. ಸೋಲ್ಟರ್ ೧೯೨೦ರಲ್ಲಿ ನಿಧನರಾದರು.

೧೯೨೧ರಲ್ಲಿ ಕಾರು ಮಾರಾಟಗಾರ ಚಾರ್ಲ್ಸ್ ವುಡ್ರಿಂಗ್ ಅವರನ್ನು ಮದುವೆಯಾದರು. ಲಾಸ್ ಏಂಜಲೀಸಿನಲ್ಲಿ ಇಬ್ಬರೂ ಸೇರಿ ಪ್ರಸಾಧನ ಸಾಮಗ್ರಿಗಳ ಅಂಗಡಿ ತೆರೆದರು. ೧೯೨೯ರಲ್ಲಿ ತಾಯಿ ತೀರಿಕೊಂಡರು. ಅದೇ ವರ್ಷದ ಷೇರುಪೇಟೆ ಕುಸಿತದಲ್ಲಿ ಉಳಿದ ಹಣವೂ ಕರಗಿತು. ದಾಂಪತ್ಯ ಮುರಿಯಿತು, ಅಂಗಡಿ ಮುಚ್ಚಿತು. ೧೯೩೩ರ ಮೂರನೆಯ ಮದುವೆ ಕೆಲವೇ ತಿಂಗಳು ಬಾಳಿತು.

೧೯೩೬ರಿಂದ ಎಂ.ಜಿ.ಎಂ. ಸಂಸ್ಥೆಯು ಹಳೆಯ ಕಾಲದ ಕೆಲವು ನಟನಟಿಯರಿಗೆ ಸಣ್ಣ ಪಾತ್ರಗಳನ್ನೂ ನಿಯತ ಸಂಬಳವನ್ನೂ ನೀಡತೊಡಗಿತು, ಫ್ಲಾರೆನ್ಸ್ ಅವರಲ್ಲೊಬ್ಬರು. ಗುಂಪಿನ ನಡುವೆ ನಿಲ್ಲುವ ಈ ಪಾತ್ರಗಳಲ್ಲಿ ಬಹುಪಾಲು ಮತ್ತೆ ಹೆಸರಿರಲಿಲ್ಲ. ೧೯೩೭ರಲ್ಲಿ ಅಸ್ಥಿಮಜ್ಜೆಯ ವಾಸಿಯಾಗದ ಕಾಯಿಲೆ ಇರುವುದು ತಿಳಿಯಿತು. ನೋವು ಮತ್ತು ಖಿನ್ನತೆಯಿಂದ ಬಳಲಿದ ಅವರು ೧೯೩೮ರ ಡಿಸೆಂಬರ್ ೨೮ರಂದು ಪಶ್ಚಿಮ ಹಾಲಿವುಡ್‌ನ ತಮ್ಮ ವಾಸಸ್ಥಳದಲ್ಲಿ ಆತ್ಮಹತ್ಯೆ ಮಾಡಿಕೊಂಡರು. ೧೯೩೯ರ ಮಾದರಿಯ ಬ್ಯುಯಿಕ್ ಕಾರುಗಳು ಆ ವೇಳೆಗೆ ಹಿಂಬದಿಯಲ್ಲಿ ಇಂಡಿಕೇಟರ್ ಮಿನುಗಿಸುತ್ತ ಅಮೆರಿಕದ ರಸ್ತೆಗಳಿಗೆ ಇಳಿದಿದ್ದವು.

ಸಮಾಧಿ

ತಾಯಿಯ ಸಮಾಧಿಗೆ ಫ್ಲಾರೆನ್ಸ್ ದುಬಾರಿ ಪ್ರತಿಮೆಯೊಂದನ್ನು ಮಾಡಿಸಿದ್ದರು. ತಮಗೆ ಕಲ್ಲೂ ದಕ್ಕಲಿಲ್ಲ. ಹಾಲಿವುಡ್‌ನ ಅದೇ ಸ್ಮಶಾನದಲ್ಲಿ ಗುರುತಿಲ್ಲದ ಜಾಗದಲ್ಲಿ ಮಣ್ಣು ಮಾಡಲಾಯಿತು. ೧೯೯೧ರಲ್ಲಿ ನಟ ರಾಡಿ ಮ್ಯಾಕ್‌ಡೊವಾಲ್ ತಮ್ಮ ಹೆಸರು ಹೇಳಿಕೊಳ್ಳದೆ ಖರ್ಚು ಕೊಟ್ಟು ಅಲ್ಲೊಂದು ಫಲಕ ಹಾಕಿಸಿದರು. ಬಯೋಗ್ರಾಫ್ ಹುಡುಗಿ, ಮೊದಲ ಚಿತ್ರತಾರೆ ಎಂಬ ಅರ್ಥದ ಒಕ್ಕಣೆ ಅದರಲ್ಲಿದೆ. ಕಾರಿನ ಸೂಚಕಗಳ ಉಲ್ಲೇಖವಿಲ್ಲ. ಹುಟ್ಟಿದ ವರ್ಷ ೧೮೯೦ ಎಂದು ತಪ್ಪಾಗಿ ಕೆತ್ತಲಾಗಿದೆ.